ಧಾರೆ ಸೀರೆಯೂ ವರ್ತಕನ ವಿವೇಕವೂ

ವಿವಾಹವು ಗೃಹಸ್ಥಧರ್ಮದ ಹೆಬ್ಬಾಗಿಲು. ನಿಶ್ಚಿತಾರ್ಥ ಮುಗಿದೊಡನೆ ಎರಡೂ ಮನೆಯ ಹಿರಿಯರು ಒಳ್ಳೆಯ ದಿನ ನೋಡಿ ಜವಳಿ ತೆಗೆಯಲು ಹೊರಡುವುದು ಕನ್ನಡ ನಾಡಿನಲ್ಲಿ ಇಂದಿಗೂ ಉಳಿದುಬಂದಿರುವ ಪದ್ಧತಿ. ಅಂಗಡಿಯ ಬಿಳಿಯ ಹಾಸಿನ ಮೇಲೆ ವಧುವಿನ ಮುಂದೆ ಒಂದರ ಮೇಲೊಂದು ಸೀರೆ ಬಿಚ್ಚಿಕೊಳ್ಳುತ್ತದೆ. ತಾಯಿ ಅಂಚನ್ನು ನೋಡುತ್ತಾಳೆ, ಅತ್ತೆಯಾಗಲಿರುವವಳು ಸೆರಗನ್ನು ನೋಡುತ್ತಾಳೆ, ತಂದೆ ಬೆಲೆಯ ಚೀಟಿಯನ್ನು ನೋಡುತ್ತಾನೆ. ಕೊನೆಗೊಂದು ಸೀರೆ ಧಾರೆಗೆಂದು ನಿಶ್ಚಯವಾಗುತ್ತದೆ. ಆಯ್ಕೆ ತಮ್ಮದೇ ಎಂಬ ತೃಪ್ತಿಯಿಂದ ಎಲ್ಲರೂ ಮನೆಗೆ ಮರಳುತ್ತಾರೆ.

ಆದರೆ ಈ ಆಯ್ಕೆಗೆ ಎಷ್ಟೋ ಮೊದಲೇ ಮತ್ತೊಂದು ಆಯ್ಕೆ ನಡೆದುಹೋಗಿರುತ್ತದೆ. ಕಪಾಟಿನಲ್ಲಿ ಇರುವುದನ್ನಷ್ಟೇ ವಧು ಆರಿಸಬಲ್ಲಳು. ಕಪಾಟಿನಲ್ಲಿ ಏನಿರಬೇಕೆಂಬುದನ್ನು ಆರಿಸಿದವನು ವರ್ತಕ. ಯಾವ ಊರಿನ ನೇಕಾರನ ಮಾಲು ಒಳಗೆ ಬರಬೇಕು, ಯಾರ ಗಂಟು ಬಾಗಿಲಿನಿಂದಲೇ ಹಿಂದಿರುಗಬೇಕು ಎಂಬುದು ಅವನ ಒಂದು ತಲೆಯಾಡಿಸುವಿಕೆಯಿಂದ ತೀರ್ಮಾನವಾಗುತ್ತದೆ. ಈ ಮೊದಲ ಆಯ್ಕೆಯ ಪಾಪಪುಣ್ಯ ಯಾರದು? ತಾನು ಹುಳುವನ್ನು ಬೇಯಿಸಲಿಲ್ಲ, ಮಗ್ಗದ ಮುಂದೆ ಮಗುವನ್ನು ಕೂರಿಸಲಿಲ್ಲ, ಜರಿಯಲ್ಲಿ ತಾಮ್ರವನ್ನು ಬೆರೆಸಲಿಲ್ಲ, ಕೇವಲ ಕೊಂಡು ಮಾರಿದೆನೆಂದು ವರ್ತಕನು ಹೇಳಿದರೆ ಆ ಸಮಾಧಾನವು ಧರ್ಮದ ಮುಂದೆ ನಿಲ್ಲುತ್ತದೆಯೇ? ವಾಣಿಜ್ಯವನ್ನು ತಲೆಮಾರುಗಳಿಂದ ವೃತ್ತಿಯಾಗಿ ನಡೆಸಿಕೊಂಡು ಬಂದಿರುವ ಸಮಾಜಕ್ಕೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ.

ಮೊದಲು ಈ ಆಯ್ಕೆ ನಡೆಯುವ ಬಗೆಯನ್ನು ಅರಿಯುವುದು ಉಚಿತ. ನೇಕಾರನು ಸಾಮಾನ್ಯವಾಗಿ ನೇರವಾಗಿ ಅಂಗಡಿಗೆ ಬರುವುದಿಲ್ಲ. ರೇಷ್ಮೆ ಮತ್ತು ಜರಿಯನ್ನು ಕೊಟ್ಟು, ಸೀರೆಗಿಷ್ಟೆಂದು ಕೂಲಿ ಗೊತ್ತುಮಾಡಿ ನೇಯಿಸಿಕೊಳ್ಳುವ ಒಡೆಯನೊಬ್ಬನಿರುತ್ತಾನೆ; ಅಥವಾ ಕಾಂಚೀಪುರದಲ್ಲಿರುವಂತೆ ನೇಕಾರರ ಸಹಕಾರ ಸಂಘವಿರುತ್ತದೆ; ಇಲ್ಲವೇ ನಡುವೆ ಒಬ್ಬ ದಲ್ಲಾಳಿಯಿರುತ್ತಾನೆ. ಇವರು ತಂದ ಮಾದರಿಗಳನ್ನು ವರ್ತಕನು ಕೆಲವು ಅಳತೆಗೋಲುಗಳಿಂದ ಅಳೆಯುತ್ತಾನೆ. ಬೆಲೆ ತನ್ನ ಗಿರಾಕಿಗಳಿಗೆ ಎಟಕುವುದೇ? ಮಾಘದಿಂದ ಜ್ಯೇಷ್ಠದವರೆಗಿನ ಲಗ್ನದ ದಿನಗಳಿಗೆ ಮಾಲು ಸಕಾಲಕ್ಕೆ ಬರುವುದೇ? ಎಷ್ಟು ದಿನದ ಉದ್ದರಿ ಸಿಕ್ಕುವುದು? ಮಾರಾಟವಾಗದೆ ಉಳಿದುದನ್ನು ಹಿಂದಕ್ಕೆ ಪಡೆಯುವರೇ? ಇದೇ ನಮೂನೆಯನ್ನು ಎದುರಿನ ಅಂಗಡಿಗೂ ಕೊಡುವರೇ? ಇವೆಲ್ಲವೂ ವ್ಯಾಪಾರಕ್ಕೆ ಸಹಜವಾದ ಪ್ರಶ್ನೆಗಳು. ಇವುಗಳನ್ನು ಕೇಳದವನು ಅಂಗಡಿಯ ಬಾಗಿಲು ಮುಚ್ಚಬೇಕಾದೀತು. ಆದರೆ ಈ ಪಟ್ಟಿಯಲ್ಲಿ ಒಂದು ಜೀವದ ಮಾತಾಗಲಿ, ಒಂದು ಕೈಯ ಮಾತಾಗಲಿ ಇಲ್ಲವೆಂಬುದನ್ನು ಗಮನಿಸಬೇಕು.

ಜೀವದ ಮಾತನ್ನೇ ಮೊದಲು ತೆಗೆದುಕೊಳ್ಳಬಹುದು. ಹಿಪ್ಪುನೇರಳೆ ಸೊಪ್ಪನ್ನು ತಿಂದು ಬೆಳೆಯುವ ರೇಷ್ಮೆಹುಳು, ರೈತರು ಜ್ವರವೆಂದು ಕರೆಯುವ ನಾಲ್ಕು ಪೊರೆಬಿಡುವಿಕೆಗಳನ್ನು ದಾಟಿ, ಚಂದ್ರಿಕೆಯ ಮೇಲೆ ತನ್ನ ಸುತ್ತಲೂ ಗೂಡು ಕಟ್ಟಿಕೊಳ್ಳುತ್ತದೆ. ಒಳಗಿನ ಕೋಶಾವಸ್ಥೆಯ ಜೀವಿಯು ಚಿಟ್ಟೆಯಾಗಿ ಹೊರಬಂದರೆ ಗೂಡು ತೂತಾಗಿ, ನೂರಾರು ಮೀಟರ್ ಉದ್ದದ ಒಂದೇ ಎಳೆ ತುಂಡುತುಂಡಾಗುತ್ತದೆ. ಆದುದರಿಂದಲೇ ಅದು ಹೊರಬರುವ ಮುನ್ನವೇ ಬಿಸಿಗಾಳಿಯಿಂದಲೋ ಹಬೆಯಿಂದಲೋ ಅದನ್ನು ಕೊಂದು, ಬಿಸಿನೀರಿನಲ್ಲಿ ಗೂಡನ್ನು ಬೇಯಿಸಿ ನೂಲನ್ನು ಬಿಚ್ಚುತ್ತಾರೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸುಮಾರು 7 ಕಿಲೋ ಹಸಿಗೂಡು ಬೇಕು. ಒಂದು ಗೂಡಿನ ತೂಕ ಒಂದೂವರೆಯಿಂದ ಎರಡು ಗ್ರಾಂ. ಈ ಲೆಕ್ಕದಂತೆ ಅರ್ಧ ಕಿಲೋ ರೇಷ್ಮೆಯಿರುವ ಒಂದು ಧಾರೆ ಸೀರೆಗೆ ಎರಡು ಸಾವಿರದ ಆಸುಪಾಸಿನ ಜೀವಗಳು ಮುಗಿಯುತ್ತವೆ. ಅದನ್ನು ಉಟ್ಟು ವಧುವು ದಾಂಪತ್ಯವನ್ನು ಆರಂಭಿಸುತ್ತಾಳೆ.

ಇಂದ್ರಿಯಗಳ ಲೆಕ್ಕದಲ್ಲಿ ಈ ಜೀವಿಯನ್ನು ಎಲ್ಲಿ ಇರಿಸಿದರೂ ಅದು ತ್ರಸಜೀವಿಯೇ. ತ್ರಸಜೀವಿಯ ಸಂಕಲ್ಪಹಿಂಸೆಯನ್ನು ಬಿಡುವುದೇ ಶ್ರಾವಕನ ಅಹಿಂಸಾಣುವ್ರತದ ತಿರುಳು. ಹೊಲ ಉಳುವಾಗ, ಅಡಿಗೆ ಮಾಡುವಾಗ, ಉದ್ಯೋಗ ನಡೆಸುವಾಗ ಆಗಿಹೋಗುವ ಆರಂಭೀ ಮತ್ತು ಉದ್ಯೋಗೀ ಹಿಂಸೆಗಳಿಗೆ ಗೃಹಸ್ಥನ ದುರ್ಬಲತೆಯನ್ನರಿತು ಶಾಸ್ತ್ರವು ಬೇರೆ ಸ್ಥಾನವನ್ನು ಕೊಟ್ಟಿದೆ. ರೇಷ್ಮೆಯನ್ನು ಉದ್ಯೋಗೀ ಹಿಂಸೆಯೆಂದು ಪರಿಗಣಿಸಬಾರದೇ ಎಂದು ಕೆಲವರು ಕೇಳುತ್ತಾರೆ. ಹತ್ತಿಯ ಹೊಲದಲ್ಲಿಯೂ ಔಷಧಿ ಹೊಡೆದು ಕಾಯಿಕೊರಕ ಹುಳುವನ್ನು ಕೊಲ್ಲುತ್ತಾರಲ್ಲವೇ ಎಂದೂ ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದುದು, ಉತ್ತರವೂ ಹಾಗೆಯೇ ಇರಬೇಕು. ಹತ್ತಿಯಲ್ಲಿ ಹಿಂಸೆಯಿಲ್ಲವೆಂದು ಹೇಳುವುದು ಸುಳ್ಳು. ಆದರೆ ಹುಳುವು ಸಾಯದೆಯೂ ಹತ್ತಿಯನ್ನು ಬೆಳೆಯಬಹುದು. ಔಷಧಿಯಿಲ್ಲದೆ ಬೆಳೆಯುವ ರೈತರೂ ಇದ್ದಾರೆ. ಅಖಂಡವಾದ ರೇಷ್ಮೆಯ ಎಳೆಗಾದರೋ ಆ ಸಾವೇ ಸಾಧನ. ಒಂದರಲ್ಲಿ ಸಾವು ಉದ್ಯೋಗದ ಬದಿಯಲ್ಲಿ ನಡೆಯುತ್ತದೆ. ಇನ್ನೊಂದರಲ್ಲಿ ಉದ್ಯೋಗವೇ ಸಾವಿನ ಮೂಲಕ ನಡೆಯುತ್ತದೆ. ನಿಷಿದ್ಧ ವಾಣಿಜ್ಯಗಳನ್ನು ಎಣಿಸುವಾಗ ಪೂರ್ವಾಚಾರ್ಯರು ದಂತದೊಡನೆ ಅರಗಿನ ವ್ಯಾಪಾರವನ್ನೂ ಸೇರಿಸಿದುದನ್ನು ನೆನೆದರೆ, ಕೀಟದ ಸಾವಿನಿಂದ ಬರುವ ಸರಕನ್ನು ಅವರು ಯಾವ ಕಣ್ಣಿನಿಂದ ನೋಡಿದರೆಂಬುದು ತಿಳಿಯುತ್ತದೆ.

ಇನ್ನು, ಕೊಂದವನು ಬೇರೆ, ಮಾರಿದವನು ಬೇರೆ ಎಂಬ ವಾದ. ಜೈನದರ್ಶನವು ಕರ್ಮದ ಬಾಗಿಲುಗಳನ್ನು ಕೃತ, ಕಾರಿತ, ಅನುಮತ ಎಂದು ಮೂರಾಗಿ ವಿಂಗಡಿಸಿದುದರ ಮಹತ್ವ ಇಲ್ಲಿ ವ್ಯಕ್ತವಾಗುತ್ತದೆ. ತಾನೇ ಮಾಡಿದುದು, ಇತರರಿಂದ ಮಾಡಿಸಿದುದು, ಇತರರು ಮಾಡಿದುದಕ್ಕೆ ಒಪ್ಪಿಗೆ ಕೊಟ್ಟುದು, ಈ ಮೂರೂ ಜೀವಕ್ಕೆ ಅಂಟುತ್ತವೆ. ಆಷಾಢದಲ್ಲಿ ಕುಳಿತು ಮುಂದಿನ ಲಗ್ನಗಳಿಗಾಗಿ ನೂರು ಸೀರೆ ನೇಯಲು ಹೇಳಿ ಮುಂಗಡ ಕೊಡುವ ವರ್ತಕನು ಇನ್ನೂ ಕಟ್ಟದಿರುವ ಗೂಡುಗಳಿಗೆ ಬೇಡಿಕೆಯಿಟ್ಟಂತಾಯಿತು. ಅದು ಕಾರಿತ. ಸಿದ್ಧವಾಗಿ ಬಂದುದನ್ನು ಮೆಚ್ಚಿ ಕೊಂಡರೆ ಅದು ಅನುಮತ. ಇದೇ ನ್ಯಾಯದಿಂದ ಉಟ್ಟವಳೂ, ಹಣ ತೆತ್ತ ತಂದೆಯೂ ಹೊರಗುಳಿಯುವುದಿಲ್ಲ. ಆದರೆ ಅವರು ಬಾಳಿನಲ್ಲಿ ಒಂದೆರಡು ಸಲ ಆರಿಸಿದರೆ, ವರ್ತಕನು ಪ್ರತಿವರ್ಷ ಸಾವಿರಾರು ಮನೆಗಳ ಪರವಾಗಿ ಆರಿಸುತ್ತಾನೆ. ಅವನ ಹೊಣೆ ಅಷ್ಟರಮಟ್ಟಿಗೆ ಹಿರಿದು.

ಹಾಗಾದರೆ ರೇಷ್ಮೆಯನ್ನು ಅಂಗಡಿಯಿಂದಲೇ ದೂರವಿಟ್ಟರೆ ತೀರಿತಲ್ಲವೇ? ಹಾಗೆ ಮಾಡಬಲ್ಲವನು ಧನ್ಯ. ಪುಣೆಯಲ್ಲಿ ನೆಲೆಯಿರುವ ಬ್ಯೂಟಿ ವಿದೌಟ್ ಕ್ರುಯೆಲ್ಟಿ ಸಂಸ್ಥೆಯು ರೇಷ್ಮೆಯ ತ್ಯಾಗಕ್ಕಾಗಿ ದಶಕಗಳಿಂದ ಪ್ರಚಾರ ಮಾಡುತ್ತ ಬಂದಿದೆ. ಪೂಜೆಗೆ ಹತ್ತಿಯ ಬಟ್ಟೆಯನ್ನೇ ಉಡುವ ನಿಯಮವಿರುವ ಜೈನ ಕುಟುಂಬಗಳೂ ಇವೆ. ಆದರೆ ಈ ದಾರಿಯಲ್ಲಿ ಒಂದು ಧರ್ಮಸಂಕಟವಿದೆ. ಹಿಪ್ಪುನೇರಳೆ ಬೆಳೆಯುವ ರಾಮನಗರ, ಕೋಲಾರದ ಸಣ್ಣ ರೈತನಿಂದ ಮೊದಲ್ಗೊಂಡು ನೂಲು ಬಿಚ್ಚುವವರು, ಹುರಿ ಹಾಕುವವರು, ಬಣ್ಣ ಕಟ್ಟುವವರು, ಮೊಳಕಾಲ್ಮೂರಿನ ನೇಕಾರರವರೆಗೆ ಈ ಎಳೆಗೆ ಜೋತುಬಿದ್ದ ಸಂಸಾರಗಳು ಅಸಂಖ್ಯ. ಒಬ್ಬ ವರ್ತಕನು ಒಂದೇ ದಿನದಲ್ಲಿ ಕೈಬಿಟ್ಟರೆ ಹುಳುವಿಗಿಂತ ಮೊದಲು ನೇಕಾರನ ಒಲೆ ಆರುತ್ತದೆ. ಹುಳುವಿನ ಮೇಲಿನ ಕರುಣೆಯು ಮನುಷ್ಯನ ಮೇಲಿನ ನಿಷ್ಕರುಣೆಯಾಗಿ ಪರಿಣಮಿಸಿದರೆ ಅದನ್ನು ಅಹಿಂಸೆಯೆಂದು ಕರೆಯುವುದು ಕಷ್ಟ.

ಅಹಿಂಸಾ ರೇಷ್ಮೆಯೆಂಬ ಹೆಸರಿನಲ್ಲಿ ಮತ್ತೊಂದು ದಾರಿಯನ್ನು ಹುಡುಕಲಾಗಿದೆ. ಕೈಮಗ್ಗ ಕ್ಷೇತ್ರದಲ್ಲಿ ಸರಕಾರಿ ಸೇವೆಯಲ್ಲಿದ್ದ ಹೈದರಾಬಾದಿನ ಕುಸುಮ ರಾಜಯ್ಯ ಅವರು ಚಿಟ್ಟೆ ಹೊರಬಂದ ಬಳಿಕ ಉಳಿದ ಗೂಡಿನಿಂದ ನೂಲು ತೆಗೆದು ಸೀರೆ ನೇಯಿಸುವ ಕ್ರಮವನ್ನು ರೂಢಿಗೆ ತಂದು ಹೆಸರಾದರು. ತುಂಡಾದ ಎಳೆಗಳನ್ನು ಹತ್ತಿಯಂತೆ ನೂಲಬೇಕಾದುದರಿಂದ ಹೊಳಪು ಕಡಿಮೆ, ಬೆಲೆ ಹೆಚ್ಚು. ಅಸ್ಸಾಮಿನ ಎರಿ ರೇಷ್ಮೆಯ ಗೂಡಿಗೆ ಒಂದು ತುದಿಯಲ್ಲಿ ಬಾಯಿ ತೆರೆದೇ ಇರುತ್ತದೆ. ಅದರ ನೂಲಿಗಾಗಿ ಜೀವಿಯನ್ನು ಕೊಲ್ಲಲೇಬೇಕೆಂಬ ನಿರ್ಬಂಧವಿಲ್ಲ. ಇವು ಆದರಣೀಯ ಪ್ರಯತ್ನಗಳು. ಆದರೆ ಹೆಸರನ್ನು ನೋಡಿ ವಿಚಾರವನ್ನು ನಿಲ್ಲಿಸಬಾರದು. ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದ ಹಿಪ್ಪುನೇರಳೆ ರೇಷ್ಮೆಯ ಚಿಟ್ಟೆಯು ಹಾರಲಾರದು, ಆಹಾರವನ್ನು ತೆಗೆದುಕೊಳ್ಳಲಾರದು. ಕೆಲವೇ ದಿನಗಳಲ್ಲಿ ನೂರಾರು ಮೊಟ್ಟೆಯಿಟ್ಟು ಸಾಯುತ್ತದೆ. ಆ ಮೊಟ್ಟೆಗಳಿಂದ ಬರುವ ಮರಿಗಳಿಗೆಲ್ಲ ಸೊಪ್ಪು ಎಲ್ಲಿಂದ ಬರಬೇಕು? ಎರಿಯ ಕೋಶಗಳನ್ನು ಈಶಾನ್ಯ ಭಾರತದ ಹಲವು ಸಮುದಾಯಗಳು ಆಹಾರವಾಗಿ ಬಳಸುವುದೂ ಉಂಟು. ಆದುದರಿಂದ ಅಹಿಂಸೆಯೆಂಬ ಪದವನ್ನು ಬೆಲೆಯ ಚೀಟಿಯ ಮೇಲೆ ಅಚ್ಚುಹಾಕುವ ಮುನ್ನ ವರ್ತಕನು ತಯಾರಕನನ್ನು ಎರಡು ಮಾತು ಕೇಳಬೇಕು: ಚಿಟ್ಟೆ ಹೊರಬಂದುದನ್ನು ನೋಡಿದವರು ಯಾರು? ಅದರ ಮೊಟ್ಟೆಗಳು ಏನಾದವು? ಉತ್ತರ ದೊರೆತರೆ ಆ ಮಾಲಿಗೆ ಅಂಗಡಿಯ ಮುಂಭಾಗದಲ್ಲಿ ಸ್ಥಾನ ಸಲ್ಲಬೇಕು. ದೊರೆಯದಿದ್ದರೆ ಆ ಪದವನ್ನು ಬಳಸದಿರುವುದೇ ಅಹಿಂಸೆಗೆ ಸಲ್ಲಿಸುವ ಗೌರವ.

ಇನ್ನು ಕೈಯ ಮಾತು. ಮೈಯಿಗೂ ಅಂಚಿಗೂ ಬೇರೆ ಬೇರೆ ಬಣ್ಣವಿಟ್ಟು, ಎರಡನ್ನೂ ಮಗ್ಗದ ಮೇಲೆಯೇ ಬೆಸೆಯುವ ಕಾಂಚೀಪುರದ ಸಾಂಪ್ರದಾಯಿಕ ನೇಯ್ಗೆಗೆ ಮೂರು ಲಾಳಿಗಳು ಬೇಕು. ನೇಕಾರನ ಪಕ್ಕದಲ್ಲಿ ಸಹಾಯಕನೊಬ್ಬನೂ ಬೇಕು. ಆ ಸಹಾಯಕನ ಸ್ಥಾನದಲ್ಲಿ ಹಿಂದೆ ಅನೇಕ ಕಡೆ ಮಗುವೊಂದು ಕುಳಿತಿರುತ್ತಿತ್ತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ವರದಿಯು ಕರ್ನಾಟಕ, ತಮಿಳುನಾಡು ಮತ್ತು ಉತ್ತರ ಪ್ರದೇಶಗಳ ರೇಷ್ಮೆ ಉದ್ಯಮದಲ್ಲಿ ಹೆತ್ತವರ ಸಾಲಕ್ಕಾಗಿ ಜೀತಕ್ಕೆ ಸಿಲುಕಿದ್ದ ಮಕ್ಕಳ ಸ್ಥಿತಿಯನ್ನು ದೇಶದ ಮುಂದಿರಿಸಿತು. ಜೀತಪದ್ಧತಿಯನ್ನು ರದ್ದುಗೊಳಿಸಿದ ಕಾನೂನು 1976ರಲ್ಲಿಯೇ ಬಂದಿತ್ತು. ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ಆದ ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿ, ಶಾಲೆಯ ಹೊತ್ತಿನ ಹೊರಗೆ ಮನೆಯ ಕಸುಬಿಗೆ ನೆರವಾಗುವಂತಹ ಕೆಲವು ವಿನಾಯಿತಿಗಳನ್ನು ಉಳಿಸಿತು. ಮಗ್ಗವಿರುವುದೇ ಮನೆಯಲ್ಲಿ. ನೆರವು ಎಲ್ಲಿ ಮುಗಿಯಿತು, ದುಡಿಮೆ ಎಲ್ಲಿ ಆರಂಭವಾಯಿತು ಎಂಬುದು ಹೋಗಿ ನೋಡಿದವನಿಗೆ ಮಾತ್ರ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ತಾನು ಕೊಳ್ಳುವ ಮಗ್ಗಗಳಿರುವ ಬೀದಿಗೆ ಹೋಗಿಬರದ ವರ್ತಕನು ತನಗೇನೂ ಗೊತ್ತಿಲ್ಲವೆಂದು ಹೇಳುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ತಿಳಿಯಬಹುದಾದುದನ್ನು ತಿಳಿಯದೆ ಇರುವುದಕ್ಕೆ ಜೈನಶಾಸ್ತ್ರದಲ್ಲಿ ಪ್ರಮಾದವೆಂದು ಹೆಸರು. ಹಿಂಸೆಯ ಬೇರು ಇರುವುದೇ ಪ್ರಮಾದದಲ್ಲಿ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಕೊನೆಯ ಎರಡು, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ, ಅಂದರೆ ಹೊರಲಾರದಷ್ಟು ಭಾರ ಹೇರುವುದು ಮತ್ತು ಅನ್ನನೀರನ್ನು ತಡೆಯುವುದು. ಎತ್ತು ಕುದುರೆಗಳನ್ನು ಕುರಿತು ಹೇಳಿದ ಮಾತೆಂದು ಇದನ್ನು ಓದಿ ಮುಂದೆ ಸಾಗುವವರೇ ಹೆಚ್ಚು. ಆದರೆ ಮೂರು ತಿಂಗಳ ಉದ್ದರಿಗೆ ಸೀರೆ ಕೊಂಡು, ಮಾರಾಟವಾದ ಮೇಲೂ ಹಣವನ್ನು ತಡೆದಿಟ್ಟರೆ ತಡೆಯಲ್ಪಡುವುದು ಯಾರ ಅನ್ನ? ಆಷಾಢ ಬಂದೊಡನೆ ಅಂಗಡಿಯ ಮುಂದೆ ರಿಯಾಯಿತಿಯ ಫಲಕ ತೂಗುತ್ತದೆ. ಆ ರಿಯಾಯಿತಿಯನ್ನು ತನ್ನ ಲಾಭದಲ್ಲಿ ಕಳೆಯುವವನು ಉದಾರಿ. ನೇಕಾರನ ಕೂಲಿಯಲ್ಲಿ ಕಳೆಯುವವನು ಅತಿಭಾರವನ್ನು ಹೇರಿದವನು. ನೋಂದಾಯಿತ ಸಣ್ಣ ಉತ್ಪಾದಕನಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಿಸಬೇಕೆಂದು 2006ರ ಕಾನೂನು ವಿಧಿಸಿದೆ. ನೋಂದಣಿಯೇ ಇಲ್ಲದ ಬಡ ನೇಕಾರನಿಗೆ ಆ ಕಾನೂನಿನ ಆಸರೆ ಸಿಗದು. ಅಲ್ಲಿ ಅವನಿಗಿರುವ ಆಸರೆ ವರ್ತಕನ ವ್ರತವೊಂದೇ.

ಮೂರನೆಯದು ಸತ್ಯದ ಮಾತು. ಅಚೌರ್ಯವ್ರತದ ಅತಿಚಾರಗಳಲ್ಲಿ ಪ್ರತಿರೂಪಕವ್ಯವಹಾರವೆಂಬುದೊಂದು: ನಿಜವಾದುದರಂತೆ ಕಾಣುವ ನಕಲನ್ನು ನಡೆಸುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನೇ ಸದೃಶಸಮ್ಮಿಶ್ರವೆಂದು, ಹೋಲುವ ವಸ್ತುವಿನ ಬೆರಕೆಯೆಂದು, ಕರೆದಿದ್ದಾರೆ. ಇಂದಿನ ಸೀರೆ ಬೀದಿಗಾಗಿಯೇ ಬರೆದಂತಿದೆ ಈ ಮಾತು. ರೇಷ್ಮೆಯ ಎಳೆಗೆ ಬೆಳ್ಳಿಯ ತೆಳುಪಟ್ಟಿಯನ್ನು ಸುತ್ತಿ ಚಿನ್ನದ ಲೇಪ ಕೊಟ್ಟುದು ಅಸಲಿ ಜರಿ. ತಾಮ್ರದ ತಂತಿಯದೂ ಉಂಟು, ಪ್ಲಾಸ್ಟಿಕ್ ಪಟ್ಟಿಯದೂ ಉಂಟು. ಹೊಸದರಲ್ಲಿ ಮೂರೂ ಒಂದೇ ಬಗೆಯಾಗಿ ಹೊಳೆಯುತ್ತವೆ. ಬೇರೆ ಊರಿನ ವಿದ್ಯುತ್ ಮಗ್ಗದಲ್ಲಿ ನೇಯ್ದುದು ಕಾಂಚೀಪುರದ ಕೈಮಗ್ಗದ ಹೆಸರಿನಲ್ಲಿ ಮಾರಾಟವಾಗುವುದೂ ಉಂಟು. ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೆಂದೇ ಮೀಸಲಿಟ್ಟ ಕಾನೂನು 1985ರಷ್ಟು ಹಿಂದೆಯೇ ಬಂದಿದ್ದರೂ ಈ ಚಾಳಿ ನಿಂತಿಲ್ಲ.

ದೃಷ್ಟಾಂತಕ್ಕಾಗಿ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ವೃದ್ಧ ನೇಕಾರನೊಬ್ಬ ತಾನು ತಿಂಗಳು ಕೂತು ಕಟ್ಟಿದ ಹೊಸ ಅಂಚಿನ ಮಾದರಿಯನ್ನು ಅಂಗಡಿಗೆ ತರುತ್ತಾನೆ. ಬೆಲೆ ಹೆಚ್ಚಾಯಿತೆಂದು ಅದನ್ನು ಹಿಂದಿರುಗಿಸಲಾಗುತ್ತದೆ. ಆದರೆ ಅದರ ಚಿತ್ರವನ್ನು ತೆಗೆದಿರಿಸಿಕೊಳ್ಳಲಾಗುತ್ತದೆ. ಎರಡು ತಿಂಗಳಲ್ಲಿ ಅದೇ ಅಂಚು ಯಂತ್ರದ ಮಗ್ಗದಿಂದ ಕಾಲುಪಾಲು ಬೆಲೆಗೆ ಅದೇ ಅಂಗಡಿಯ ಗಾಜಿನ ಹಿಂದೆ ತೂಗುತ್ತದೆ. ಇಲ್ಲಿ ಯಾರೂ ಬೀಗ ಒಡೆದಿಲ್ಲ, ಯಾರ ಪೆಟ್ಟಿಗೆಗೂ ಕೈ ಹಾಕಿಲ್ಲ. ಆದರೂ ಮನೆಗೆ ಮರಳಿದ ಆ ನೇಕಾರನ ಬಳಿ ಮೊದಲಿದ್ದುದೊಂದು ಈಗ ಇಲ್ಲ. ಕೊಡದೆ ಇರುವುದನ್ನು ತೆಗೆದುಕೊಳ್ಳುವುದೇ ಚೌರ್ಯವಾದರೆ ಇದಕ್ಕೆ ಬೇರೆ ಹೆಸರನ್ನು ಹುಡುಕಬೇಕಾಗಿಲ್ಲ.

ಯಂತ್ರದ ಮಗ್ಗವೇ ದೋಷವೆಂದು ಇದರ ಅರ್ಥವಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರೇಷ್ಮೆ ನೇಯ್ಗೆ ಕಾರ್ಖಾನೆಯು ಯಂತ್ರದಲ್ಲಿಯೇ ನೇಯುತ್ತದೆ. ಹಾಗೆಂದು ಯಾರಿಂದಲೂ ಅದು ಮರೆಮಾಚುವುದಿಲ್ಲ. ದೋಷವಿರುವುದು ಒಂದನ್ನು ಇನ್ನೊಂದೆಂದು ಮಾರುವುದರಲ್ಲಿ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಸಿಲ್ಕ್ ಮಾರ್ಕ್, ಅನಂತರ 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ಬಂದವು. ಮೊದಲನೆಯದು ನೂಲು ಶುದ್ಧವೆಂದು ಹೇಳುತ್ತದೆ, ಎರಡನೆಯದು ಕೈಮಗ್ಗದ್ದೆಂದು ಹೇಳುತ್ತದೆ. ಇವೆರಡೂ ಉಪಯುಕ್ತ. ಆದರೆ ಗೂಡಿನೊಳಗಿನ ಜೀವವೇನಾಯಿತು, ನೇಕಾರನಿಗೆ ಕೂಲಿ ಸಕಾಲಕ್ಕೆ ಸಂದಿತೇ ಎಂಬುದನ್ನು ಹೇಳುವ ಮುದ್ರೆ ಇವೆರಡರಲ್ಲಿ ಯಾವುದೂ ಅಲ್ಲ. ಆ ಜಾಗದಲ್ಲಿ ನಿಲ್ಲಬೇಕಾದುದು ವರ್ತಕನ ಮಾತು.

ತಾನು ಬಿಟ್ಟರೆ ಎದುರಿನ ಅಂಗಡಿಯವನು ಮಾರುತ್ತಾನೆ, ಒಂದು ಹುಳುವೂ ಉಳಿಯದು ಎಂಬುದು ವರ್ತಕನ ಕೊನೆಯ ಸಮಾಧಾನ. ಲೆಕ್ಕದಲ್ಲಿ ಇದು ನಿಜವಿರಬಹುದು. ಆದರೆ ಇದೇ ನ್ಯಾಯವನ್ನು ಎಳೆದರೆ ಜಗತ್ತಿನಲ್ಲಿ ಯಾವ ವ್ರತಕ್ಕೂ ಅರ್ಥವುಳಿಯದು. ರಾತ್ರಿಭೋಜನವನ್ನು ಒಬ್ಬನು ಬಿಟ್ಟಮಾತ್ರಕ್ಕೆ ಊರಿನ ದೀಪಗಳೇನೂ ಆರುವುದಿಲ್ಲ. ವ್ರತವು ಮೊದಲು ತನ್ನ ಆತ್ಮಕ್ಕೆ ಹಾಕಿಕೊಳ್ಳುವ ಬೇಲಿ. ಲೋಕದ ಮೇಲೆ ಅದರ ಪರಿಣಾಮ ನಿಧಾನವಾಗಿ ಬರುವ ಫಲ. ಆ ಫಲವೂ ಬರದೆ ಇರುವುದಿಲ್ಲ. ಹತ್ತಿಯ ಮೈಗೆ ಬಣ್ಣದ ಅಂಚು ಹಿಡಿದ ಇಳಕಲ್ಲಿನ ಸೀರೆ, ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಬೆಸೆಯುವ ಅದರ ಕೌಶಲ, ಅದರ ಮೇಲಿನ ಕಸೂತಿ, ಇವುಗಳನ್ನು ಒಬ್ಬ ವರ್ತಕನು ಧಾರೆಗೆ ತಕ್ಕ ಸೀರೆಯೆಂದು ಗೌರವದಿಂದ ಮುಂದಿಟ್ಟರೆ ಹತ್ತು ಮನೆಗಳಲ್ಲಿ ಒಂದಾದರೂ ಒಪ್ಪೀತು. ಆ ಒಂದು ಸೀರೆಯಿಂದ ಎರಡು ಸಾವಿರ ಗೂಡುಗಳ ಬೇಡಿಕೆ ತಪ್ಪಿತು. ನೇಕಾರನ ಕೆಲಸವೂ ಉಳಿಯಿತು.

ಆದುದರಿಂದ ವಿವೇಕಿಯಾದ ವರ್ತಕನು ಒಂದೇ ದಿನದಲ್ಲಿ ಎಲ್ಲವನ್ನೂ ಎಸೆಯುವವನಲ್ಲ, ಎಲ್ಲವನ್ನೂ ಒಪ್ಪಿಕೊಳ್ಳುವವನೂ ಅಲ್ಲ. ಶ್ರಾವಕನ ಪ್ರತಿಮೆಗಳು ಹನ್ನೊಂದು ಮೆಟ್ಟಿಲಾಗಿರುವಂತೆ ಅವನ ತ್ಯಾಗವೂ ಮೆಟ್ಟಿಲು ಮೆಟ್ಟಿಲಾಗಿ ನಡೆಯಬಹುದು. ಸುಳ್ಳು ಹೆಸರನ್ನೂ ನಕಲನ್ನೂ ಅವನು ಇಂದೇ ಬಿಡಬೇಕು, ಏಕೆಂದರೆ ಅದಕ್ಕೆ ಯಾವ ಸಂಸಾರದ ಅನ್ನವೂ ಅಡ್ಡ ಬರುವುದಿಲ್ಲ. ಮಗುವಿನ ಕೈ ತಗುಲಿದ ಮಾಲನ್ನೂ ಇಂದೇ ಬಿಡಬೇಕು. ಆದರೆ ಆ ಮನೆಯ ಹಿರಿಯರಿಗೆ ಬದುಕಲು ಸಾಲುವಷ್ಟು ಕೂಲಿ ಸಿಗುವಂತೆ ಬೆಲೆಯನ್ನೂ ಕೊಡಬೇಕು. ರೇಷ್ಮೆಯ ಪಾಲನ್ನು ವರ್ಷದಿಂದ ವರ್ಷಕ್ಕೆ ಇಳಿಸುತ್ತ, ಅದೇ ನೇಕಾರರಿಗೆ ಹತ್ತಿಯ ಮತ್ತು ನಿಜವಾಗಿ ಪರೀಕ್ಷಿತವಾದ ಅಹಿಂಸಾ ನೂಲಿನ ಕೆಲಸವನ್ನು ಏರಿಸುತ್ತ ಹೋಗಬೇಕು. ನಿಧಾನವೆಂಬುದು ನೆಪವಾಗದಂತೆ ಎಷ್ಟು ಇಳಿಯಿತೆಂಬುದನ್ನು ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕ ತೆರೆಯುವಾಗ ಬರೆದಿಡಬೇಕು.

ಈ ಭಾರವನ್ನು ಅವನೊಬ್ಬನೇ ಹೊರಬೇಕೆಂದು ಹೇಳುವುದು ನ್ಯಾಯವಲ್ಲ. ಮದುವೆಯ ಮಂಟಪವನ್ನು ನಡೆಸುವ ಬಸದಿಯ ಟ್ರಸ್ಟುಗಳಿವೆ, ಸಾಮೂಹಿಕ ವಿವಾಹದಲ್ಲಿ ವಸ್ತ್ರದಾನ ಮಾಡುವ ಕ್ಷೇತ್ರಗಳಿವೆ. ಧರ್ಮಸ್ಥಳದಲ್ಲಿ 1972ರಲ್ಲಿ ಆರಂಭವಾದ ಸಾಮೂಹಿಕ ವಿವಾಹದ ಮಾದರಿಯನ್ನು ನಾಡಿನ ಅನೇಕ ಸಂಸ್ಥೆಗಳು ಅನುಸರಿಸಿವೆ. ಹೀಗೆ ಒಟ್ಟಾಗಿ ಕೊಳ್ಳುವವರು ಒಂದು ಸಲ ಕೇಳಿದರೆ ಅದು ನೂರು ಗಿರಾಕಿಗಳು ಕೇಳಿದಂತೆ. ಕುಟುಂಬದವರೂ ಬೆಲೆಯನ್ನು ಕೇಳುವಾಗಲೇ ಇದನ್ನು ನೇಯ್ದವರು ಯಾರು, ಹೇಗೆ ಎಂದು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಕೇಳುವವರು ಹೆಚ್ಚಿದಂತೆ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳುವ ವರ್ತಕರೂ ಹೆಚ್ಚುತ್ತಾರೆ.

ಧಾರೆಯ ಹೊತ್ತಿನಲ್ಲಿ ಕೈಯ ಮೇಲೆ ಕೈಯಿಟ್ಟು ನೀರು ಎರೆಯುವಾಗ ಹಿರಿಯರು ಹರಸುವುದು ಮಂಗಳವನ್ನು. ಆ ಮಂಗಳದಲ್ಲಿ ಚಂದ್ರಿಕೆಯ ಮೇಲಿನ ಜೀವಕ್ಕೂ, ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕುಳಿತವನಿಗೂ ಎಷ್ಟು ಪಾಲು ದೊರೆಯಿತೆಂಬುದು ಆ ದಿನ ನಿಶ್ಚಯವಾಗುವುದಿಲ್ಲ. ಅದು ತಿಂಗಳುಗಳ ಹಿಂದೆ, ಅಂಗಡಿಯ ಒಳಕೋಣೆಯಲ್ಲಿ, ಒಬ್ಬ ವರ್ತಕನು ಒಂದು ಗಂಟನ್ನು ಬಿಚ್ಚಿ ನೋಡಿ ಆಗಲಿ ಎಂದೋ ಬೇಡ ಎಂದೋ ಹೇಳಿದ ಗಳಿಗೆಯಲ್ಲಿಯೇ ನಿಶ್ಚಯವಾಗಿರುತ್ತದೆ.